ಮೌಸ್ ಬಿಡದ ಕೈ

ಹೆಂಡತಿಯ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ, ಅವಳ ಮುಷ್ಟಿಯಿಂದ ಕಂಪ್ಯೂಟರ್ ಮೌಸ್ ಹೊರತೆಗೆದಿದ್ದೀರಾ?

ನಾನು ತೆಗೆದಿದ್ದೇನೆ. ಸಿಡ್ನಿಯ ಒಂದು ಎಕ್ಸಿಬಿಷನ್ ಹಾಲ್‌ನಲ್ಲಿ, ಮಟಮಟ ಮಧ್ಯಾಹ್ನ, ನೂರಾರು ಜನರ ಎದುರು.

ಅದಾಗಿ ಎರಡು ತಿಂಗಳಾಯಿತು. ಬರೆಯುವ ಧೈರ್ಯ ಈಗ ಬಂದಿದೆ. (ಶೈಲಾಳ ಪರ್ಮಿಷನ್ ಕೂಡ ಈಗಲೇ ಸಿಕ್ಕಿದ್ದು.)

ಹೊಸ ಓದುಗರಿಗೆ ಶೈಲಾಳ ಪರಿಚಯ ಹೇಳಿಬಿಡುತ್ತೇನೆ. ನನ್ನ ಹೆಂಡತಿ. ಉಡುಪಿಯವಳು. ಊರಿನಲ್ಲಿ ಡೆಂಟಿಸ್ಟ್ ಆಗಿದ್ದಳು. ಹುಬ್ಬಳ್ಳಿಯ ನನ್ನನ್ನು ಮದುವೆಯಾಗಿ ಮೆಲ್ಬರ್ನ್‌ಗೆ ಬಂದ ಮೇಲೆ ಬರೀ ಶೈಲಾ ಆದಳು. ಇಲ್ಲಿ ಇನ್ನೊಬ್ಬರ ಹಲ್ಲು ಮುಟ್ಟಬೇಕಾದರೆ ಇಲ್ಲಿಯ ಪರೀಕ್ಷೆ ಪಾಸಾಗಬೇಕು. ಥಿಯರಿ ಮುಗಿಸಿದ್ದಳು. ಪ್ರಾಕ್ಟಿಕಲ್ ಬಾಕಿ ಇತ್ತು. ಅದರಲ್ಲಿ ಪರೀಕ್ಷಕರು ನೋಡುವುದು ಕೈಯನ್ನು, ಕೈಯನ್ನು ಮಾತ್ರ.

ನಮ್ಮ ಮನೆ ಮೆಲ್ಬರ್ನ್ ಹೊರವಲಯದ ಕ್ಲೇಟನ್‌ನಲ್ಲಿದೆ. ಬಸ್ ಸ್ಟಾಪಿನ ಎದುರಿಗೆ ಗೇಮಿಂಗ್ ಕೆಫೆ. ಓದಿ ಬೇಸತ್ತ ಒಂದು ದಿನ ಶೈಲಾ ಒಳಗೆ ಹೊಕ್ಕಳು. ಐದೈದು ಜನರ ಎರಡು ಟೀಮು, ಬಂದೂಕಿನ ಆಟ. ಹಲ್ಲಿನ ಬೇರು ಹುಡುಕಿದ ಕೈಗೆ ಶತ್ರುವಿನ ತಲೆ ಹುಡುಕುವುದು ಕಷ್ಟವಾಗಲಿಲ್ಲ. ಯೂನಿವರ್ಸಿಟಿಯ ಹುಡುಗರು ಬೆರಗಾದರು. ವರ್ಷ ಕಳೆಯುವಷ್ಟರಲ್ಲಿ ಅವರ ಟೀಮಿನಲ್ಲಿ ಅವಳೇ ಮುಖ್ಯ ಶೂಟರ್. ಕ್ಯಾಪ್ಟನ್ ಮಾರ್ಕ್ ಇಂಜಿನಿಯರಿಂಗ್ ವಿದ್ಯಾರ್ಥಿ, ಶೈಲಾಗಿಂತ ಎಂಟು ಹತ್ತು ವರ್ಷ ಚಿಕ್ಕವನು.

ಮುಂಗೈ ನೋವು ಮೊದಲೇ ಶುರುವಾಗಿತ್ತು. ಪ್ರಾಕ್ಟೀಸ್ ಮುಗಿಸಿ ಬಂದವಳು ಕೈ ಕೊಡವುತ್ತಿದ್ದಳು. ಮನೆಯೆಲ್ಲ ನೋವಿನ ಮುಲಾಮಿನ ವಾಸನೆ. ಆಟಕ್ಕೆ ಮೊದಲು ಸ್ವಲ್ಪ ಸ್ಟ್ರೆಚಿಂಗ್ ಮಾಡಬಾರದೇ ಎಂದು ನಾನು ಮಾರ್ಕ್‌ನನ್ನು ಕೇಳಿದ್ದೆ. ನಾವೇನು ಓಡುತ್ತೇವೆಯೇ ಎಂದು ನಕ್ಕಿದ್ದ. ನನಗೂ ಅದು ಸರಿ ಎನಿಸಿತ್ತು. ಪಾರ್ಕಿನಲ್ಲಿ ಕ್ರಿಕೆಟ್ ಆಡುವ ಅಂಕಲ್‌ಗಳೂ ಒಂದು ಓವರ್ ಹಾಕುವ ಮುಂಚೆ ಭುಜ ತಿರುಗಿಸುತ್ತಾರೆ. ಕೂತು ಆಡುವ ಆಟಕ್ಕೆ ಎಂಥ ವಾರ್ಮಪ್? ಕೂತವರಿಗೆ ಮೈಯೇ ಇಲ್ಲ ಎಂದುಕೊಂಡಿದ್ದೇವೆ, ಅಲ್ಲವೇ?

ಸಿಡ್ನಿಯಲ್ಲಿ ಟೂರ್ನಮೆಂಟ್. ವಿಮಾನದಲ್ಲಿ ಶೈಲಾ ಬಲಗೈ ತಿರುಗಿಸಿ ನೋಡಿಕೊಂಡಳು. "ನೋವು ಹೋಯ್ತು ಮಾರಾಯ್ರೆ. ಗೊತ್ತೇ ಆಗ್ತಾ ಇಲ್ಲ."

"ಚಲೋ ಆತಲ್ಲ" ಎಂದೆ. ಇಬ್ಬರಿಗೂ ಖುಷಿ.

ಮೊದಲ ಮ್ಯಾಚ್ ಗೆದ್ದರು. ಎರಡನೆಯದರ ನಡುವೆ, ದೊಡ್ಡ ಸ್ಕ್ರೀನಿನ ಮೇಲೆ, ಶೈಲಾ ಆಡಿಸುತ್ತಿದ್ದ ಸೈನಿಕ ಗೋಡೆಗೆ ಮುಖ ಮಾಡಿ ನಿಂತುಬಿಟ್ಟ. ಮಾರ್ಕ್ ಮೈಕಿನಲ್ಲಿ ಅವಳ ಹೆಸರು ಕರೆಯುತ್ತಲೇ ಇದ್ದ. ಸೈನಿಕ ಅಲುಗಲಿಲ್ಲ. ಯಾರೋ ಬಂದು ಹೊಡೆದು ಹೋದರು. ಜನ ನಕ್ಕರು. ನಾನು ಪ್ರೇಕ್ಷಕರ ಮುಂದೆ ಕಟ್ಟಿದ್ದ ಹಗ್ಗ ದಾಟಿ ಓಡಿದೆ.

ಅವಳ ಹೆಬ್ಬೆರಳು ಅಂಗೈಯೊಳಗೆ ಮಡಚಿಕೊಂಡಿತ್ತು. ಉಳಿದ ಬೆರಳುಗಳು ಮೌಸನ್ನು ಅಪ್ಪಿ ಹಿಡಿದಿದ್ದವು. ಮುಂಗೈ ಮುಟ್ಟಿದರೆ ಕಟ್ಟಿಗೆಯ ಹಾಗೆ.

"ಮೌಸ್ ಬಿಡು" ಎಂದೆ.

"ಬಿಡ್ಲಿಕ್ಕೆ ಆಗ್ತಾ ಇಲ್ಲ" ಎಂದಳು. ಧ್ವನಿ ಶಾಂತವಾಗಿತ್ತು. ನಾನು ಹೆದರಿದ್ದು ಆಗ. ಬೆರಳು ಬಿಡಿಸತೊಡಗಿದೆ. ಅವಳು ನನ್ನ ಕೈಯನ್ನೇ ನೋಡುತ್ತಿದ್ದಳು. "ನೀವು ಮುಟ್ಟಿದ್ದು ಕಾಣ್ತದೆ. ಗೊತ್ತಾಗುದಿಲ್ಲ."

ಲಕ್ವ. ನನ್ನ ತಲೆಯಲ್ಲಿದ್ದದ್ದು ಅದೊಂದೇ ಪದ. ಎಲ್ಲೋ ಓದಿದ್ದ ಲಕ್ವದ ಪರೀಕ್ಷೆ ನೆನಪಾಗಿ ನಗು ಎಂದೆ, ಹೆಸರು ಹೇಳು ಎಂದೆ, ಎರಡೂ ಕೈ ಎತ್ತು ಎಂದೆ. ನಕ್ಕಳು, ಹೇಳಿದಳು, ಎತ್ತಿದಳು. ಬಲಗೈ ಮೇಲೇನೋ ಹೋಯಿತು. ಮೌಸ್ ಹೊರಬಂದಿದ್ದರೂ ಕೈಯ ತುದಿಯಲ್ಲಿ ಬೆರಳುಗಳು ಮುರುಟಿಕೊಂಡೇ ಇದ್ದವು.

ಆಸ್ಪತ್ರೆಯ ಎಮರ್ಜೆನ್ಸಿಯಲ್ಲಿ ಕಾಯುವಾಗ ಸೆಳೆತ ಸಡಿಲವಾಯಿತು. ಬೆರಳು ಬಿಚ್ಚಿಕೊಂಡವು. ಸ್ಪರ್ಶ ಮಾತ್ರ ಬರಲಿಲ್ಲ. ಶೈಲಾ ಪೆನ್ನಿನ ತುದಿಯಿಂದ ಬೆರಳುಗಳನ್ನು ಚುಚ್ಚಿಕೊಳ್ಳತೊಡಗಿದಳು. ಹೆಬ್ಬೆರಳು, ತೋರುಬೆರಳು, ನಡುಬೆರಳು. ಮತ್ತೆ ಹೆಬ್ಬೆರಳು. ಚರ್ಮದ ಮೇಲೆ ಇಂಕಿನ ಚುಕ್ಕೆಗಳು ಮೂಡುತ್ತಿದ್ದವು, ಅವಳ ಮುಖದಲ್ಲಿ ಏನೂ ಮೂಡುತ್ತಿರಲಿಲ್ಲ. ಪೆನ್ನು ಕಿತ್ತುಕೊಳ್ಳಬೇಕೆನಿಸಿತು. ಆಗಲಿಲ್ಲ.

ಮಾರ್ಕ್ ಅವಳ ಬ್ಯಾಗ್ ಹಿಡಿದು ಪಕ್ಕದಲ್ಲಿ ಕೂತಿದ್ದ. ಮ್ಯಾಚ್ ಏನಾಯಿತು ಎಂದು ಯಾರೂ ಕೇಳಲಿಲ್ಲ.

ಡಾಕ್ಟರ್ ಚಿಕ್ಕ ವಯಸ್ಸಿನ ಹೆಂಗಸು. ಪಾರ್ಶ್ವವಾಯು ಅಲ್ಲ ಎಂದರು. ವಿಶ್ರಾಂತಿಯೇ ಇಲ್ಲದೆ ದುಡಿದ ಮುಂಗೈಯ ಸ್ನಾಯುಗಳು ದಣಿದು ಸೆಟೆದುಕೊಂಡಿವೆ, ಮಣಿಕಟ್ಟಿನಲ್ಲಿ ಊತ ಬಂದು ನರವನ್ನು ಒತ್ತುತ್ತಿದೆ ಎಂದು ವಿವರಿಸಿದರು. ಮುಂಚೆ ನೋವಿತ್ತೇ ಎಂದು ಕೇಳಿದರು. ಇತ್ತು, ನಿಂತುಹೋಯಿತು ಎಂದಳು ಶೈಲಾ.

"ನೋವು ನಿಂತಿಲ್ಲ" ಎಂದರು ಡಾಕ್ಟರ್. "ನರ ಸುದ್ದಿ ಕಳಿಸುವುದನ್ನು ನಿಲ್ಲಿಸಿದೆ."

ಸ್ಪರ್ಶ ಯಾವಾಗ ಬರುತ್ತದೆ ಎಂದು ನಾನು ಕೇಳಿದೆ. ಈಗಲೇ ಹೇಳಲಾಗದು, ಮೆಲ್ಬರ್ನ್‌ನಲ್ಲಿ ಸ್ಪೆಷಲಿಸ್ಟ್‌ಗೆ ತೋರಿಸಿ ಎಂದರು. ಅವರು ಹೊರಡುವಾಗ ಮಾರ್ಕ್ ಎದ್ದು ಅವರ ಹಿಂದೆ ಹೋದ. ತನ್ನ ಮಣಿಕಟ್ಟಿನಲ್ಲೂ ಬೆಳಿಗ್ಗೆ ಜುಮ್ಮೆನ್ನುತ್ತದೆ, ಅದೇನು ಎಂದು ತಗ್ಗಿದ ದನಿಯಲ್ಲಿ ಕೇಳುತ್ತಿದ್ದ.

ಆಮೇಲಿನ ದಿನಗಳ ಹೆದರಿಕೆಗೆ ಸದ್ದಿರಲಿಲ್ಲ. ಮಣಿಕಟ್ಟಿಗೆ ಪಟ್ಟಿ ಬಂತು. ಪರೀಕ್ಷೆ ಮುಂದಕ್ಕೆ ಹೋಯಿತು. ಬಿಸಿನೀರಿಗೆ ಕೈ ಒಡ್ಡಿ ಸುಟ್ಟುಕೊಂಡಾಳು ಎಂದು ನಾನು ಹೀಟರಿನ ಬಿಸಿ ಇಳಿಸಿದೆ. ಚೂರಿಗಳನ್ನು ಮೇಲಿನ ಕಪಾಟಿಗೆ ಸೇರಿಸಿದೆ. ಡಾಕ್‌ಲ್ಯಾಂಡ್ಸ್‌ನ ನನ್ನ ಆಫೀಸಿನಲ್ಲಿ ಕೂತಾಗ ಮೊಬೈಲ್ ಅಲುಗಿದರೆ ಮೀಟಿಂಗ್ ಬಿಟ್ಟು ಹೊರಗೆ ಓಡುತ್ತಿದ್ದೆ. ಉಡುಪಿಯಿಂದ ಅತ್ತೆ ಫೋನ್ ಮಾಡಿದರೆ ಶೈಲಾ ಎಡಗೈಯಲ್ಲಿ ಮೊಬೈಲ್ ಹಿಡಿದು, ಓದು ಜೋರಾಗಿ ನಡೆದಿದೆ ಎನ್ನುತ್ತಿದ್ದಳು. ಒಮ್ಮೆ ಫೋನ್ ಇಟ್ಟವಳು ನನ್ನ ಕಡೆ ತಿರುಗಿ ಕೇಳಿದಳು: "ಕೈ ಬರದಿದ್ರೆ ನಾನು ಎಂಥ ಮಾಡುದು?"

ಬರ್ತದ ಬಿಡು ಎಂದೆ. ಅವಳು ನಂಬಲಿಲ್ಲ, ನಾನೂ ನಂಬಿರಲಿಲ್ಲ.

ಸ್ಪೆಷಲಿಸ್ಟ್ ನರಕ್ಕೆ ಸಣ್ಣ ಕರೆಂಟ್ ಹಾಯಿಸಿ ನೋಡಿದರು. ನರ ಸತ್ತಿಲ್ಲ, ನಿಧಾನವಾಗಿದೆ ಎಂದರು. ಊತ ಇಳಿದ ಮೇಲೆ ಫಿಸಿಯೋಥೆರಪಿಸ್ಟ್ ಒಬ್ಬಳು ಸ್ಟ್ರೆಚಿಂಗ್ ಕಲಿಸಿದಳು. ತೋಳು ಮುಂದೆ ಚಾಚಿ, ಇನ್ನೊಂದು ಕೈಯಿಂದ ಬೆರಳುಗಳನ್ನು ಮೆಲ್ಲಗೆ ಹಿಂದಕ್ಕೆಳೆದು, ಉಸಿರು ಬಿಡುತ್ತಾ ಹಿಡಿಯುವುದು. ಜುಮ್ಮೆಂದರೆ ನಿಲ್ಲಿಸುವುದು. ಇಷ್ಟೇ. ಇಷ್ಟು ಸುಲಭದ್ದನ್ನು ಗೇಮ್ ಆಡುವ ಯಾರಿಗೂ ಮೊದಲೇ ಯಾರೂ ಹೇಳಿಕೊಡುವುದಿಲ್ಲವಲ್ಲ, ಯಾಕೆ?

ಒಂದು ಭಾನುವಾರ ಬೆಳಿಗ್ಗೆ ಅವಳು ಒಗ್ಗರಣೆಗೆ ಸಾಸಿವೆ ತೆಗೆಯುತ್ತಿದ್ದಳು. ಎಣ್ಣೆ ಕಾದು ಹೊಗೆಯಾಡಿತು. ಶೈಲಾ ಅಲುಗಲಿಲ್ಲ. ನಾನು ಒಲೆ ಆರಿಸಿ ಅವಳ ಮುಖ ನೋಡಿದೆ. ಬೆರಳುಗಳ ನಡುವೆ ಏನನ್ನೋ ಹೊರಳಿಸುತ್ತಿದ್ದಳು.

"ಕಾಳು ಗೊತ್ತಾಯ್ತು" ಎಂದಳು. ಆಮೇಲೆ ಅಲ್ಲೇ ನೆಲದ ಮೇಲೆ ಕೂತು ಅತ್ತಳು.

ಈಗ ತೋರುಬೆರಳು, ನಡುಬೆರಳು ಸರಿಯಾಗಿವೆ. ಹೆಬ್ಬೆರಳಿನ ತುದಿ ಇನ್ನೂ ಮಂಕು. ಪರೀಕ್ಷೆಗೆ ಮತ್ತೆ ಬುಕ್ ಮಾಡಿದ್ದಾಳೆ. ಅದು ಮುಗಿಯುವ ತನಕ ಟೀಮ್ ಬೇಡ ಎಂದು ಅವಳೇ ಮಾರ್ಕ್‌ಗೆ ಹೇಳಿದಳು. (ಮುಗಿದ ಮೇಲೆ? ನಾನು ಕೇಳಿಲ್ಲ.) ಕೆಫೆಯಲ್ಲಿ ಆ ಹುಡುಗರು ಈಗ ಪ್ರತಿ ಮ್ಯಾಚಿನ ನಡುವೆ ಎದ್ದು ನಿಂತು ಕೈ ಚಾಚುತ್ತಾರಂತೆ. ಮೊದಲು ನಗುತ್ತಿದ್ದ ಮಾರ್ಕೇ ಎಣಿಸಿ ಮಾಡಿಸುತ್ತಾನಂತೆ.

ನಿನ್ನೆ ಶೈಲಾ ಪ್ಲಾಸ್ಟಿಕ್ ಹಲ್ಲಿನ ಮೇಲೆ ಡ್ರಿಲ್ ಹಿಡಿದು ಅಭ್ಯಾಸ ಮಾಡುತ್ತಿದ್ದಳು. ಕೈ ಸ್ಥಿರವಾಗಿತ್ತು. ಬಾಗಿಲಲ್ಲಿ ನಿಂತ ನಾನು, ಡ್ರಿಲ್ ನಿಂತಾಗಲೆಲ್ಲ ಅವಳ ಬೆರಳುಗಳು ಬಿಚ್ಚಿಕೊಳ್ಳುತ್ತವೆಯೇ ಎಂದು ನೋಡುತ್ತಿದ್ದೆ.

ಸ್ನಾಯುಗಳಿಗೆ ಸ್ಟ್ರೆಚಿಂಗ್ ಇದೆ, ಹೆದರಿಕೆಗೆ ಏನಿದೆ?