ಬೀಜದ ಮೀನಿನ ಗುಂಡಿ

ಜೊಂಡಿನೊಳಗಿಂದ ಹುಂಡುಕೋಳಿ 'ಕುವಾಕ್, ಕುವಾಕ್' ಎಂದು ಕೂಗಿದರೆ ಮುನಿವೆಂಕಟಮ್ಮನಿಗೆ ಬೆಳಗಾದಂತೆ. ರಾಜಾನುಕುಂಟೆಯ ಆಚೆ, ಕೆರೆಯಂಚಿನ ಮನೆ ಅವಳದು. ಎರಡು ಎಮ್ಮೆ ಕಟ್ಟಿಕೊಂಡು, ಡೇರಿಗೆ ಹಾಲು ಹಾಕುತ್ತ, ಹುಟ್ಟಿದ ಊರಿನಲ್ಲೇ ಅರವತ್ತು ದಾಟಿದವಳು.

ಎರಡು ಸಾವಿರದ ಹದಿನೇಳರ ಬೇಸಿಗೆಯಲ್ಲಿ ಕೆರೆ ಒಣಗಿ ಬಿರುಕುಬಿಟ್ಟಿತ್ತು. ನೀರು ಉಳಿದದ್ದು ಮೂಲೆಯ ಗುಂಡಿಯಲ್ಲಿ ಮಾತ್ರ. ಅಲ್ಲಿ ನೆಲದಿಂದ ನೀರು ಜಿನುಗುವ ಊಟೆಯಿತ್ತು, ಹೊಂಗೆಯ ನೆರಳಿತ್ತು. ಮದುವೆಮನೆಯಲ್ಲಿ ನೆಂಟರೆಲ್ಲ ಒಂದೇ ಜಮಖಾನದ ಮೇಲೆ ಒತ್ತಿಕೊಂಡು ಮಲಗುವಂತೆ ಕೆರೆಯ ಮೀನು, ಆಮೆ, ಕಪ್ಪೆಗಳೆಲ್ಲ ಅಲ್ಲಿಗೇ ಬಂದು ಸೇರಿದ್ದವು. ಕೆರೆ ಮತ್ತೆ ತುಂಬುವ ತನಕ ಆ ಗುಂಡಿಗೆ ಬಲೆ ಬೀಸಬಾರದೆಂಬುದು ಊರಿನ ಕಟ್ಟು. ಅಲ್ಲಿರುವುದು ಮುಂದಿನ ಸಂತಾನಕ್ಕೆ ಉಳಿಸಿದ ಬೀಜದ ಮೀನು.

ಬಲೆಗೇನೋ ಕಟ್ಟು ಇತ್ತು, ಜೆಸಿಬಿಯ ಬಗ್ಗೆ ಹಿರಿಯರು ಏನೂ ಹೇಳಿರಲಿಲ್ಲ. ಅವಳ ಅಣ್ಣನ ಮಗ ಅಶ್ವತ್ಥ್ ಗಣೇಶ ಸಂಘದ ಅಧ್ಯಕ್ಷ. ಜೊಂಡು ಕಿತ್ತು, ಗುಂಡಿಗೆ ಸಿಮೆಂಟು ಹಾಕಿಸಿ, ಗಣೇಶ ಬಿಡಲು ತೊಟ್ಟಿ ಮಾಡುತ್ತೇನೆಂದು ಅವನು ಒಂದು ದಿನ ಬೆಳಗ್ಗೆಯೇ ಯಂತ್ರ ತಂದು ನಿಲ್ಲಿಸಿದ.

ಮುನಿವೆಂಕಟಮ್ಮ ವಾದಕ್ಕೆ ಹೋಗಲಿಲ್ಲ. ಎಮ್ಮೆಗಳನ್ನು ಹೊಡೆದು ತಂದು ಗುಂಡಿಗೆ ಬಿಟ್ಟಳು. ಅವು ಕೆಸರಲ್ಲಿ ಮಲಗಿ, ಕತ್ತಿನ ತನಕ ಮುಳುಗಿ ಕಣ್ಣು ಮುಚ್ಚಿದವು.

"ಅತ್ತೆ, ಎಬ್ಬಿಸು ಅವನ್ನ!"

"ನೀನೇ ಕರಿಯೋ. ಅಧ್ಯಕ್ಷ ಅಲ್ವಾ, ನಿನ್ ಮಾತು ಕೇಳ್ತಾವೆ."

ಅಶ್ವತ್ಥ್ ಕೂಗಿದ, ಹುಲ್ಲು ತೋರಿಸಿದ, ಕೊನೆಗೆ ಪ್ಯಾಂಟು ಮಡಿಚಿ ನೀರಿಗಿಳಿದ. ಇಳಿದವನೇ ಎಗರಿಬಿದ್ದ.

"ಅಯ್ಯಯ್ಯೋ, ಕಾಲ್ ಸಂದೀಲಿ ಏನೋ ನುಗ್ತು!"

"ಕೊರಮೀನು ಕಣೋ. ಕೆರೆ ತುಂಬಿದ ವರ್ಷ ಸಾರು ಮಾಡು ಅಂತ ನನ್ ಪ್ರಾಣ ತಿಂತಿದ್ಯಲ್ಲ, ಅದರ ವಂಶ. ಇಂಗೆ ಸಿಮೆಂಟು ಮೆತ್ತಿಬಿಟ್ರೆ ಮುಂದೆ ಕೆರೆ ತುಂಬಿದಾಗ ಯಾವುದರ ಸಾರು ಉಣ್ತೀಯ? ಗಣೇಶನ ಬಣ್ಣದ್ದಾ?"

ಜೆಸಿಬಿ ಓಡಿಸುವ ಖುದ್ದೂಸ್ ಎಂಜಿನ್ ಆರಿಸಿ ಬಿದ್ದು ಬಿದ್ದು ನಕ್ಕ. "ಅಣ್ಣಾ, ಆ ಕಡೆ ಒಣ ಮೂಲೆ ಇದ್ಯಲ್ಲ, ಅಲ್ಲೇ ತೊಟ್ಟಿ ತೋಡಿಕೊಡ್ತೀನಿ. ಹಬ್ಬದ ದಿನ ಟ್ಯಾಂಕರ್ ನೀರು ಬಿಡ್ಸಿ, ಸಾಕು."

ಅಶ್ವತ್ಥ್ ಮೊಣಕಾಲುದ್ದ ನೀರಲ್ಲೇ ನಿಂತಿದ್ದ. ಮರಿಮೀನುಗಳು ಹಿಮ್ಮಡಿಗೆ ಕಚಗುಳಿಯಿಡುತ್ತಿದ್ದವು. ಬೈಯಲು ತೆರೆದ ಬಾಯಿ ನಗುವಿಗೆ ತಿರುಗಿತು.

"ಸರಿ ಅತ್ತೆ. ಎಷ್ಟು ಜಾಗ ಬಿಡ್ಬೇಕು, ನೀನೇ ತೋರ್ಸು. ಆಮೇಲೆ ತಗಾದೆ ತೆಗೀಬೇಡ."

ಅವಳಾಗಲೇ ಸೆರಗು ಸೊಂಟಕ್ಕೆ ಸಿಕ್ಕಿಸಿದ್ದಳು. "ಈ ಹೊಂಗೆ ಮರದಿಂದ ಆ ಲಕ್ಕಿ ಪೊದೆ ತನಕ ಮುಟ್ಟಂಗಿಲ್ಲ. ಜೊಂಡೂ ಕೀಳಂಗಿಲ್ಲ. ಆಮೇಲೆ ಅಲ್ಲಿಂದಾಚೆಗೆ ನೀನು..." ಎನ್ನುತ್ತ, ಮಾತು ಮುಗಿಸುವಷ್ಟೂ ನಿಲ್ಲದೆ, ತೊಟ್ಟಿಗೂ ತಾನೇ ಜಾಗ ತೋರಿಸಲು ಒಣ ಮೂಲೆಯ ಕಡೆಗೆ ಬಿರಬಿರನೆ ಹೊರಟೇಬಿಟ್ಟಳು.