ಕಾಣೆಯಾದ ಬೋಜಪ್ಪನನ್ನು ಹುಡುಕಿಕೊಟ್ಟ ಲೋಲಾಕ್ಷಿ

ಬೆಳಗಿನ ಐದೂವರೆ. ಗುತ್ತಿಗಾರಿನ ಗುಡ್ಡದ ರಬ್ಬರ್ ತೋಟದಲ್ಲಿ ಲೋಲಾಕ್ಷಿಯವರ ತಲೆಗೆ ಕಟ್ಟಿದ ಟಾರ್ಚ್ ಮರದಿಂದ ಮರಕ್ಕೆ ಸರಿಯುತ್ತಿದೆ. ಕತ್ತಿ ತೊಗಟೆಯ ಮೇಲೆ ಓರೆಯಾಗಿ ಒಮ್ಮೆ ಜಾರಿದರೆ ಸಾಕು, ಬಿಳಿ ಹಾಲು ಮರಕ್ಕೆ ಕಟ್ಟಿದ ತೆಂಗಿನ ಗೆರಟೆಗೆ ತೊಟ್ಟಿಕ್ಕತೊಡಗುತ್ತದೆ. ಮುನ್ನೂರ ಇಪ್ಪತ್ತು ಮರ ಮುಗಿಯುವಾಗ ಎಂಟು ಗಂಟೆ. "ಮೊದಲು ಆನೆ ಲದ್ದಿ ಉಂಟಾ ಅಂತ ನೋಡುದು, ಮತ್ತೆ ಮರ ನೋಡುದು," ಎಂದು ನಗುತ್ತಾರೆ.

ಹಾಲು ಹೆಪ್ಪುಗಟ್ಟಿ, ಒತ್ತಿ ರಬ್ಬರ್ ಶೀಟಾದ ಮೇಲೆ ಸಾಬೂನು ಹಚ್ಚಿ ಕೈ ತೊಳೆದು ಲ್ಯಾಪ್‌ಟಾಪ್ ತೆರೆಯುತ್ತಾರೆ. ರಾಶಿ ಹೆಸರು, ವಿವರಗಳನ್ನು ಜೋಡಿಸಿಟ್ಟು ಕೇಳಿದಾಗ ಹುಡುಕಿಕೊಡುವ ಡೇಟಾಬೇಸ್ ತಂತ್ರಾಂಶವೊಂದನ್ನು ಹಲವು ದೇಶಗಳ ಜನ ಸೇರಿ ಕಟ್ಟುತ್ತಿದ್ದಾರೆ. ಯಾರು ಬೇಕಾದರೂ ಉಚಿತವಾಗಿ ಬಳಸಬಹುದು, ತಿದ್ದಲೂಬಹುದು. ನಲವತ್ತೊಂದು ವರ್ಷದ ಲೋಲಾಕ್ಷಿ ಬರೆದ ನಲವತ್ತಾರು ಸಾಲು ಕೋಡ್ ಅದರೊಳಗಿದೆ. ಸಂಬಳವಿಲ್ಲ. ಊರಿನ ಹೆಚ್ಚಿನವರಿಗೆ ವಿಷಯ ಗೊತ್ತೂ ಇಲ್ಲ.

ಸುಳ್ಯದಲ್ಲಿ ಕಲಿತ ಕಂಪ್ಯೂಟರ್ ವಿದ್ಯೆ ಮದುವೆಯಾದ ಮೇಲೆ ಮೂಲೆ ಸೇರಿತ್ತು. ಕಾಡಂಚಿನ ಮನೆಗಳಿಗೆ ಆನೆ ಬಂದ ಸುದ್ದಿ ಮುಟ್ಟಿಸಲು ಊರವರು ಫೋನ್ ಪಟ್ಟಿ ಮಾಡಹೊರಟಾಗ ಅದು ಹೊರಬಂತು. ಲೋಲಾಕ್ಷಿ ಮತ್ತು ನೆರೆಮನೆಯ ವಾಸಂತಿ ಸೇರಿ ಆರುನೂರು ಹೆಸರುಗಳನ್ನು ಈ ತಂತ್ರಾಂಶಕ್ಕೆ ಕನ್ನಡದಲ್ಲೇ ತುಂಬಿಸಿದರು.

ಕಳೆದ ವರ್ಷ ಒಂದು ಸಂಜೆ ಬೋಜಪ್ಪ ಎಂಬ ಕೃಷಿಕರ ತೋಟದ ಕಡೆಗೆ ಆನೆ ಇಳಿಯಿತು. ವಾಸಂತಿ ತನ್ನ ಫೋನಿನಲ್ಲಿ ಬೋಜಪ್ಪನ ಹೆಸರು ಹಾಕಿ ಹುಡುಕಿದರೆ 'ಯಾರೂ ಇಲ್ಲ' ಎಂದು ಬಂತು. ಲೋಲಾಕ್ಷಿ ಇಡೀ ಪಟ್ಟಿಯನ್ನು ಕಣ್ಣಲ್ಲೇ ಜಾಲಾಡಿ ನಂಬರ್ ಹಿಡಿದು ಫೋನ್ ಮಾಡಿದಾಗ, ಬೋಜಪ್ಪ ಪಂಪ್ ಹಾಕಲು ಮೆಟ್ಟಿಲಿಳಿಯುತ್ತಿದ್ದರು. ಅಲ್ಲಿಂದಲೇ ಒಳಗೆ ಹೋದರು. ಆನೆ ಬಾಳೆ ತಿಂದು ಹೋಯಿತು.

"ಹೆಸರು ಪಟ್ಟಿಯಲ್ಲಿ ಉಂಟು, ಹುಡುಕಿದ್ರೆ ಇಲ್ಲ. ನಂಗೆ ಮಂಡೆಬಿಸಿ ಆಯ್ತು ಮಾರಾಯ್ರೆ," ಎನ್ನುತ್ತಾರೆ ಲೋಲಾಕ್ಷಿ. ಹನ್ನೊಂದು ದಿನ ತಡಕಾಡಿದ ಮೇಲೆ ಗುಟ್ಟು ಸಿಕ್ಕಿತು. ವಾಸಂತಿಯ ಫೋನು 'ಬೋ' ಅಕ್ಷರದ ಓಕಾರವನ್ನು ಒಂದೇ ಚಿಹ್ನೆಯಾಗಿ ಬರೆದರೆ, ಬೋಜಪ್ಪನ ಹೆಸರು ತುಂಬಿಸಿದ್ದ ಲೋಲಾಕ್ಷಿಯ ಹಳೇ ಕಂಪ್ಯೂಟರ್ ಮೂರು ತುಂಡು ಮಾಡಿ ಬರೆಯುತ್ತಿತ್ತು. ನಮ್ಮ ಕಣ್ಣಿಗೆ ಎರಡೂ ಒಂದೇ. ಯಂತ್ರದ ಲೆಕ್ಕದಲ್ಲಿ ಬೇರೆ ಬೇರೆ ಬೋಜಪ್ಪ.

ಅವರು ತಿದ್ದುಪಡಿ ಬರೆದು ತಂತ್ರಾಂಶದ ತಂಡಕ್ಕೆ ಕಳಿಸಿದರು. ಎರಡು ಸಲ ವಾಪಸ್ ಬಂತು: ಒಮ್ಮೆ ಬೇರೇನೋ ಕೆಡುತ್ತದೆಂದು, ಇನ್ನೊಮ್ಮೆ ಹುಡುಕಾಟ ನಿಧಾನವಾಗುತ್ತದೆಂದು. "ಬೇಸರ ಆಗ್ಲಿಲ್ಲ. ಅವರು ಹೇಳಿದ್ದು ಸರಿಯೇ ಇತ್ತು." ಮೂರನೆಯದನ್ನು ಏಪ್ರಿಲ್‌ನಲ್ಲಿ ಒಪ್ಪಿಕೊಂಡರು. "ಶೀಟ್ ಒತ್ತುವ ಮೆಷಿನ್ ಬಿಟ್ಟು ಅಂಗಳಕ್ಕೆ ಓಡಿದೆ. ಹೇಳ್ಲಿಕ್ಕೆ ಯಾರೂ ಇರ್ಲಿಲ್ಲ. ನಾಯಿಗೇ ಹೇಳಿದೆ."

ಮಲಯಾಳಕ್ಕೂ ಇದೇ ತೊಂದರೆ ಇತ್ತಂತೆ. ತಿಂಗಳೊಳಗೆ ಗಡಿಯಾಚೆಯ ಒಂದು ಗ್ರಂಥಾಲಯದಿಂದ ಪತ್ರ ಬಂತು: ವರ್ಷಗಳಿಂದ ಹುಡುಕಾಟಕ್ಕೆ ಸಿಗದಿದ್ದ ಪುಸ್ತಕಗಳೀಗ ಸಿಗುತ್ತಿವೆ. ಬರೆದಾಕೆ ಆಸಿಯಾ, ಅಲ್ಲಿನ ಗ್ರಂಥಪಾಲಕಿ. ಈಗ ಇಬ್ಬರೂ ವಾರಕ್ಕೊಮ್ಮೆ ಫೋನಲ್ಲಿ ಮಾತಾಡುತ್ತಾರೆ, ಅರ್ಧ ಕನ್ನಡ, ಅರ್ಧ ಮಲಯಾಳ.

ಮುಂದೇನು ಆಸೆ ಎಂದು ಕೇಳಿದರೆ ಲೋಲಾಕ್ಷಿ ಹೇಳುತ್ತಾರೆ: "ಮಳೆಗಾಲದಲ್ಲಿ ಹಾಲು ತೆಗೆಯುವ ಟ್ಯಾಪಿಂಗ್ ಇಲ್ಲ, ಪುರುಸೊತ್ತು ಉಂಟು. ಈ ತಂತ್ರಾಂಶದ ಬಟನ್‌ಗಳನ್ನೆಲ್ಲ ಕನ್ನಡಕ್ಕೆ ಮಾಡ್ಬೇಕು. ವಾಸಂತಿ ಇಂಗ್ಲಿಷ್ ಕಂಡ್ರೆ ನನ್ನನ್ನೇ ಕರೆಯುದು. ಅವಳು ನನ್ನನ್ನು ಕರೀದೆ ಕೆಲಸ ಮುಗಿಸಿದ ದಿನ, ನಂಗೆ ಅದೇ ಖುಷಿ."