ಗಂಗುಲಮ್ಮನ ಕೆನ್ನೆ

ನಮ್ಮತ್ತೆ ಗಂಗುಲಮ್ಮ ಸಾಕಿದ ರೇಷ್ಮೆಹುಳು ಒಂದು ಸಲವೂ ಕೆಟ್ಟಿದ್ದಿಲ್ಲ ಎಂದು ಸಾದಲಿಯಲ್ಲಿ ಮಾತಿತ್ತು. ಹುಳುಮನೆಗೆ ಹೋದವರೇ ಮೊದಲು ಗೋಡೆಗೆ ಕೆನ್ನೆ ಒತ್ತುತ್ತಿದ್ದರು. ಬಿಸಿ ಸಾಲದೆನಿಸಿದರೆ ಇದ್ದಿಲೊಲೆ ಇಡಿಸುತ್ತಿದ್ದರು, ಹೆಚ್ಚಾಯಿತೆನಿಸಿದರೆ ಕಿಟಕಿಗೆ ಒದ್ದೆ ಗೋಣಿ ಕಟ್ಟಿಸುತ್ತಿದ್ದರು. ಯಾರ ಮನೆಯ ಹುಳು ಮಂಕಾದರೂ ಅವರನ್ನೇ ಕರೆಯುತ್ತಿದ್ದರು. ಗಂಡ ಹೋದ ಮೇಲೆ ಅವರಿಗೆ ಉಳಿದಿದ್ದ ಮರ್ಯಾದೆ ಅದೊಂದೇ.

ನಾನು ಎಸ್ಸೆಸ್ಸೆಲ್ಸಿ ಪಾಸಾಗಿ ಬಂದ ಸೊಸೆ. ಆಗಿನ ನನ್ನ ಜಂಬ ನೆನೆದರೆ ಈಗ ನನಗೇ ಅಸಹ್ಯ. ಎಂಬತ್ತೆಂಟರಲ್ಲಿ ಚಿಂತಾಮಣಿಯಲ್ಲಿ ಐದು ದಿನದ ತರಬೇತಿ ಮುಗಿಸಿ, ಕೋಣೆಯ ಶಾಖ, ತೇವ ಎರಡನ್ನೂ ಅಳೆಯುವ ಜೋಡಿ ಥರ್ಮಾಮೀಟರ್ ತಂದೆ. ಹೊಸ ಸಾಮಾನಲ್ಲವೇ, ಅರಿಶಿನ ಕುಂಕುಮ ಹಚ್ಚಿ, ಹುಳುಮನೆಯ ದೇವರ ಪಟದ ಪಕ್ಕ, ದೀಪದ ಹಲಗೆಯ ಮೇಲ್ಗಡೆ ನಾನೇ ಮೊಳೆ ಹೊಡೆದು ತಗುಲಿಹಾಕಿದೆ. ಹುಳು ಗೂಡು ಕಟ್ಟುವವರೆಗೆ ಆ ದೀಪ ಆರಬಾರದು, ಅದು ನಮ್ಮ ಮನೆಯ ಪದ್ಧತಿ.

ಕಾರ್ತಿಕದಲ್ಲಿ ಜಡಿಮಳೆ ಹಿಡಿಯಿತು. ಅತ್ತೆ ಗೋಡೆಗೆ ಕೆನ್ನೆ ಒತ್ತಿ, ಹುಳುವಿಗೆ ಚಳಿಯಾಗುತ್ತಿದೆ, ಒಲೆ ಇಡೋಣ ಎಂದರು. ಇಪ್ಪತ್ತೈದರ ಆಸುಪಾಸು ಇರಬೇಕೆಂದು ತರಬೇತಿಯಲ್ಲಿ ಹೇಳಿದ್ದರು, ಥರ್ಮಾಮೀಟರ್ ಮೂವತ್ತೆರಡು ತೋರಿಸುತ್ತಿತ್ತು. ನಾನು ಒಲೆ ಇಡಗೊಡದೆ ಕಿಟಕಿಗಳಿಗೆ ಒದ್ದೆ ಗೋಣಿ ಕಟ್ಟಿದೆ. ಮರುದಿನ ಅವರು ಮತ್ತೆ ಅದನ್ನೇ ಹೇಳಿದಾಗ ಸಿಡುಕಿದೆ.

"ನಿಮ್ಮ ಕೆನ್ನೆಗೆ ವಯಸ್ಸಾಯ್ತು ಅತ್ತೆ. ಸುಮ್ಕಿರಿ."

ಅವರು ಕೆನ್ನೆ ಸವರಿಕೊಂಡು ಆಚೆ ಹೋದರು.

ಐದಾರು ದಿನಕ್ಕೆ ಹುಳುಗಳು ಸತ್ತು, ಸೀಮೆಸುಣ್ಣದ ಹಾಗೆ ಬೆಳ್ಳಗೆ ಬಿರುಸಾದವು. ಸುಣ್ಣಕಟ್ಟು ರೋಗ. ಒಂದು ತಟ್ಟೆಯೂ ಉಳಿಯಲಿಲ್ಲ. ನೋಡಲು ಬಂದ ರೇಷ್ಮೆ ಇಲಾಖೆಯ ನಲ್ಲಪ್ಪನವರು ಗೋಡೆಯತ್ತ ನೋಡಿ, ನನಗೊಬ್ಬಳಿಗೇ ಕೇಳುವಂತೆ ಹೇಳಿದರು:

"ದೀಪದ ಮೇಲೆ ತಗುಲಾಕಿದ್ದೀಯಲ್ಲಮ್ಮ. ಇದು ದೀಪದ ಬಿಸಿ ತೋರಿಸ್ತದೆ, ರೂಮಿಂದಲ್ಲ. ಹುಳು ಹೋಗಿದ್ದು ಚಳಿಗೆ, ತೇವಕ್ಕೆ."

ಅವರು ಹೋದ ಕೂಡಲೇ ಮೊಳೆ ಕಿತ್ತು ಎದುರು ಗೋಡೆಗೆ ಹೊಡೆದೆ. ಯಾರಿಗೂ ಹೇಳಲಿಲ್ಲ.

ಅತ್ತೆ ಜಗಲಿಯ ಮೇಲೆ ಕೂತಿದ್ದರು. "ನನ್ನ ಕೆನ್ನೇನೂ ಸುಳ್ಳಾಯ್ತು, ಕೈಗುಣಾನೂ ಹೋಯ್ತು ಕಣಮ್ಮ," ಎಂದರು. "ಇನ್ನ ನಾನು ಒಳಕ್ಕೆ ಬರಲ್ಲ."

ನಿಜ ಹೇಳಿಬಿಡಬೇಕೆಂದು ಬಾಯಿ ತೆರೆದೆ. ನನ್ನ ಮಾನ ನನಗೆ ದೊಡ್ಡದಾಯಿತು.

ಆಮೇಲೆ ಹನ್ನೊಂದು ವರ್ಷ ಬದುಕಿದ್ದರು. ಅಷ್ಟು ವರ್ಷವೂ ಹುಳುಮನೆಯ ಹೊಸಿಲಾಚೆ ಕೂತು ಸೊಪ್ಪು ಹೆಚ್ಚಿಕೊಟ್ಟರು. ಯಾರಾದರೂ ಹುಳು ನೋಡಲು ಕರೆದರೆ, ನಮ್ಮ ಸೊಸೆಯನ್ನು ಕರೆದುಕೊಂಡು ಹೋಗಿ, ಅವಳಿಗೆ ಎಲ್ಲಾ ತಿಳಿಯುತ್ತದೆ ಎನ್ನುತ್ತಿದ್ದರು. ನಾನು ಹೋಗುತ್ತಿದ್ದೆ. ಆ ಮನೆಯವರು ಅತ್ತ ತಿರುಗಿದಾಗ ಗೋಡೆಗೆ ಕೆನ್ನೆ ಒತ್ತಿ ನೋಡುತ್ತಿದ್ದೆ. ನನಗೆ ಏನೂ ತಿಳಿಯುತ್ತಿರಲಿಲ್ಲ.